‘ಬೇಡ’ ಎಂದವರು ಯಾರು? ಉತ್ತರ ಬೆಂಗಳೂರಿನ ಬಡಾವಣೆ ಸಂಘಗಳ ಭಾಷಿಕ ನೆಲೆಗಳು

ನಗರದ ಬಡಾವಣೆಗಳಲ್ಲಿ ಕಾಣಸಿಗುವ ‘ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ’ವನ್ನು ಸಮಾಜವಿಜ್ಞಾನದ ಅಧ್ಯಯನಗಳು ಮಧ್ಯಮವರ್ಗದ ರಾಜಕಾರಣದ ಒಂದು ರೂಪವೆಂದು ಚರ್ಚಿಸುತ್ತ ಬಂದಿವೆ. ಜಾನಕಿ ನಾಯರ್ ಅವರ 2005ರ ‘ದಿ ಪ್ರಾಮಿಸ್ ಆಫ್ ದಿ ಮೆಟ್ರೊಪೊಲಿಸ್’ ಕೃತಿ ಪ್ರಕಟವಾದ ಮೇಲೆ ಬೆಂಗಳೂರಿನ ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಕುರಿತು ಗಂಭೀರವಾದ ಸಂವಾದವೇ ನಡೆದಿದೆ. ಆದರೆ ಈ ಸಂಘಗಳು ಯಾವ ಮಾತಿನಲ್ಲಿ ತಮ್ಮನ್ನು ಕರೆದುಕೊಂಡವು, ಯಾವ ಮಾತಿನಲ್ಲಿ ಬೇಡಿದವು, ಯಾವ ಮಾತಿನಲ್ಲಿ ನಿರಾಕರಿಸಿದವು ಎಂಬುದು ಕನ್ನಡ ಅಧ್ಯಯನದ ಗಮನಕ್ಕೆ ಅಷ್ಟಾಗಿ ಬಂದಂತಿಲ್ಲ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಸುತ್ತಲಿನ ಪ್ರದೇಶವನ್ನು ಮುಖ್ಯವಾಗಿ ಇರಿಸಿಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1898ರ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿಗಳು ಬೆಳೆದಾಗ ‘ಬಡಾವಣೆ’ ಎಂಬ ಮಾತಿಗೆ ಇಂದಿನ ಅರ್ಥ ಗಟ್ಟಿಯಾಯಿತು. ಪೇಟೆಯ ಇಕ್ಕಟ್ಟಿನಿಂದ ಹೊರಬಂದು ಅಳತೆಯ ನಿವೇಶನಗಳಲ್ಲಿ ಬದುಕುವುದು ಅದರ ತಿರುಳು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, 1976ರ ಕಾಯಿದೆಯನ್ವಯ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಈ ಕೆಲಸವನ್ನು ಮುಂದುವರಿಸಿದವು. ಉತ್ತರ ದಿಕ್ಕಿನಲ್ಲಿ ಇದಕ್ಕೆ ಬೇರೊಂದು ಒತ್ತಾಸೆಯೂ ಇದ್ದಿತು. ಜಾಲಹಳ್ಳಿಯ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು, ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯ, ಯಲಹಂಕದ ರೈಲುಗಾಲಿ ಕಾರ್ಖಾನೆ, ವಾಯುನೆಲೆ ಇವುಗಳ ನೌಕರರು ಗೃಹನಿರ್ಮಾಣ ಸಹಕಾರ ಸಂಘಗಳ ಮೂಲಕವೂ ಮನೆ ಕಟ್ಟಿಕೊಂಡರು. ಹೆಸರುಗಳಲ್ಲಿಯೇ ಈ ಚರಿತ್ರೆ ಅಡಗಿದೆ. ರವೀಂದ್ರನಾಥ ಠಾಗೋರ್ ನಗರ ಆರ್.ಟಿ. ನಗರವೆಂದು ಮೊಟಕಾಯಿತು, ಕಾರ್ನಾಡ್ ಸದಾಶಿವರಾಯರ ನೆನಪು ಸದಾಶಿವನಗರದಲ್ಲಿ ಉಳಿಯಿತು, ಸಹಕಾರನಗರ ತನ್ನ ಹುಟ್ಟನ್ನು ಹೆಸರಿನಲ್ಲಿಯೇ ಹೇಳುತ್ತದೆ. ಇವುಗಳ ನಡುನಡುವೆ ಉಳಿದ ಹಳ್ಳಿಗಳಿಗೆ ಹೊಸ ಹೆಸರಿನ ಅಗತ್ಯ ಬೀಳಲಿಲ್ಲ, ‘ಸಂಘ’ದ ಅಗತ್ಯವೂ ಬಹುಕಾಲ ಬೀಳಲಿಲ್ಲ.

ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರ ಪ್ರಕಾರ ಏಳು ಮಂದಿ ಸೇರಿದರೆ ಒಂದು ಸಂಘ ನೋಂದಣಿಯಾಗುತ್ತದೆ. ಉದ್ದೇಶಪತ್ರ, ನಿಯಮಾವಳಿ, ವಾರ್ಷಿಕ ಸಭೆ, ಲೆಕ್ಕಪತ್ರ ಇವು ಅದರ ಕಡ್ಡಾಯಗಳು. ಇಂಗ್ಲಿಷಿನ ‘ವೆಲ್‌ಫೇರ್ ಅಸೋಸಿಯೇಷನ್’ ಕನ್ನಡಕ್ಕೆ ಬರುವಾಗ ಬರಿಯ ‘ಕ್ಷೇಮ’ವಾಗಿ ನಿಲ್ಲದೆ ‘ಕ್ಷೇಮಾಭಿವೃದ್ಧಿ’ಯಾದದ್ದು ಗಮನಾರ್ಹ. ಇರುವುದನ್ನು ಕಾಪಾಡಿಕೊಳ್ಳುವುದು ಕ್ಷೇಮ; ಇಲ್ಲದ್ದನ್ನು ಪಡೆಯುವುದು ಅಭಿವೃದ್ಧಿ. ಡಾಂಬರು, ಚರಂಡಿ, ಬೀದಿದೀಪ, ಕುಡಿಯುವ ನೀರು ಇವುಗಳಲ್ಲಿ ಯಾವುದೂ ಸರಿಯಾಗಿಲ್ಲದ ಹೊರವಲಯದ ಬಡಾವಣೆಗಳಲ್ಲಿ ಎರಡನೆಯ ಅರ್ಥವೇ ಮುಂದಾದುದು ಸಹಜ. ಯಲಹಂಕ ಮತ್ತು ಬ್ಯಾಟರಾಯನಪುರ 2007ರವರೆಗೆ ಪ್ರತ್ಯೇಕ ನಗರಸಭೆಗಳಾಗಿದ್ದವು. ಆ ವರ್ಷ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ ನೂರಕ್ಕೂ ಹೆಚ್ಚು ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ನಗರಸಭೆಗೆ ಸಲ್ಲುತ್ತಿದ್ದ ಮನವಿಗಳು ಅಲ್ಲಿಂದ ಮುಂದೆ ಪಾಲಿಕೆಗೆ ಸಲ್ಲತೊಡಗಿದವು. ವಿಳಾಸ ಬದಲಾಯಿತು, ಒಕ್ಕಣೆ ಬದಲಾಗಲಿಲ್ಲ.

ಸಂಘದ ನಿಜವಾದ ಸಾಹಿತ್ಯ ಪ್ರಕಾರವೆಂದರೆ ಮನವಿ ಪತ್ರವೇ. ‘ಇವರಿಂದ’, ‘ಇವರಿಗೆ’, ‘ವಿಷಯ’, ‘ಮಾನ್ಯರೇ’. ಬಳಿಕ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗಿ ‘ಕೋರುತ್ತೇವೆ’ ಎಂಬಲ್ಲಿಗೆ ಮುಗಿಯುವ ಈ ರಚನೆ ಕಚೇರಿಯ ಕನ್ನಡದಿಂದ ಬಂದದ್ದು. 1963ರ ರಾಜ್ಯಭಾಷಾ ಅಧಿನಿಯಮದ ನಂತರ ಆಡಳಿತ ಕನ್ನಡ ರೂಪುಗೊಂಡ ಬಗೆಯನ್ನು ವಿದ್ವಾಂಸರು ಚರ್ಚಿಸಿದ್ದಾರೆ. ಆದರೆ ಆ ಕನ್ನಡ ಪ್ರಜೆಗಳ ಕೈಯಲ್ಲಿ ಏನಾಯಿತು ಎಂಬುದನ್ನು ತಿಳಿಯಲು ಇಂತಹ ಮನವಿಗಳನ್ನೇ ನೋಡಬೇಕು. ಸಭೆ ಇಂಗ್ಲಿಷಿನಲ್ಲಿ ನಡೆಯುವ ಬಡಾವಣೆಯಲ್ಲಿಯೂ ವಾರ್ಡ್ ಎಂಜಿನಿಯರರಿಗೆ ಕೊಡುವ ಕಾಗದವನ್ನು ಕನ್ನಡದಲ್ಲಿ ಬರೆಯಬಲ್ಲವರೊಬ್ಬರು ಬೇಕಾಗುತ್ತದೆ. ಹೀಗೆ ಕನ್ನಡ ಬಲ್ಲ ನಿವೃತ್ತ ನೌಕರನಿಗೆ ಸಂಘದೊಳಗೆ ಒಂದು ಸ್ಥಾನ ದೊರೆಯುತ್ತದೆ. ಸಾರ್ವಜನಿಕ ಉದ್ದಿಮೆಗಳ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವ ನಡೆಸಿ ಪಳಗಿದ ತಲೆಮಾರಿಗೆ ಈ ಸ್ಥಾನ ಹೊಸದೇನಲ್ಲ. 2005ರ ಮಾಹಿತಿ ಹಕ್ಕು ಕಾಯಿದೆ ಬಂದ ಮೇಲೆ ‘ಕೋರುತ್ತೇವೆ’ಯ ಜೊತೆಗೆ ‘ಮಾಹಿತಿ ಒದಗಿಸುವುದು’ ಎಂಬ ವಿಧಿರೂಪವೂ ಸೇರಿಕೊಂಡು ಮನವಿಯ ವಿನಯ ಕೊಂಚ ಸಡಿಲವಾಯಿತು. ವ್ಯಾಕರಣದಲ್ಲಿ ಆದ ಇಷ್ಟು ಚಿಕ್ಕ ಪಲ್ಲಟ ಪ್ರಜೆ ಮತ್ತು ಕಚೇರಿಯ ಸಂಬಂಧದಲ್ಲಿ ಆದ ಪಲ್ಲಟವೂ ಹೌದು.

ಮನವಿಯ ಭಾಷೆಯನ್ನು ಪೂರ್ತಿಯಾಗಿ ಬಿಟ್ಟುಕೊಟ್ಟ ಸಂದರ್ಭ ಒದಗಿದ್ದು 2016ರಲ್ಲಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ಸುಮಾರು 1,791 ಕೋಟಿ ರೂಪಾಯಿ ವೆಚ್ಚದಲ್ಲಿ ನಿರ್ಮಿಸಲು ಸರ್ಕಾರ ಮುಂದಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ಆರಂಭವಾದಾಗಿನಿಂದ ಬಳ್ಳಾರಿ ರಸ್ತೆಯ ಮೇಲೆ ಬಿದ್ದ ಒತ್ತಡವೇ ಇದಕ್ಕೆ ಕಾರಣವಾಗಿತ್ತು. 812 ಮರಗಳನ್ನು ಕಡಿಯಬೇಕಾಗುವುದೆಂಬ ಅಂಶ ಬೆಳಕಿಗೆ ಬಂದಿತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ರಸ್ತೆಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತರು. ಬಡಾವಣೆಗಳ ಸಂಘಗಳು, ನಾಗರಿಕ ವೇದಿಕೆಗಳು ಒಟ್ಟುಗೂಡಿದವು. ಅದೇ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆ ನೀಡಿತು. 2017ರ ಮಾರ್ಚ್ 2ರಂದು ಯೋಜನೆಯನ್ನು ಕೈಬಿಟ್ಟಿರುವುದಾಗಿ ಸರ್ಕಾರ ಪ್ರಕಟಿಸಿತು.

ಈ ಹೋರಾಟದ ಘೋಷಣೆ ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬುದು. ಮೂರರಲ್ಲಿ ಎರಡು ಪದ ಇಂಗ್ಲಿಷ್. ವಾಕ್ಯವನ್ನು ವಾಕ್ಯವಾಗಿಸಿದ ಒಂದು ಪದ ಕನ್ನಡ. ಇಂಗ್ಲಿಷಿನಲ್ಲಿಯೇ ವ್ಯವಹರಿಸುವ ಅನೇಕರು ಇದ್ದ ಚಳವಳಿ ತನ್ನ ನಿರಾಕರಣೆಗೆ ಕನ್ನಡವನ್ನು ಆರಿಸಿಕೊಂಡದ್ದನ್ನು ಕೆಲವರು ತೋರಿಕೆಯೆಂದು ತಳ್ಳಿಹಾಕಬಹುದು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಉಪನಗರ ರೈಲಿಗಾಗಿ ‘ಚುಕುಬುಕು ಬೇಕು’ ಎಂಬ ಕೂಗು ಎದ್ದಿತು. 2019ರ ಮಾರ್ಚಿನಲ್ಲಿ ಎತ್ತರಿಸಿದ ಕಾರಿಡಾರುಗಳ ವಿರುದ್ಧ ‘ಟೆಂಡರ್ ರದ್ದು ಮಾಡಿ’ ಎಂಬ ಒತ್ತಾಯ ಕೇಳಿಬಂದಿತು. ಒಂದು ಪದ್ಧತಿಯೇ ರೂಢಿಯಾಯಿತೆಂದಮೇಲೆ ಅದನ್ನು ತೋರಿಕೆಯೆನ್ನುವುದು ಕಷ್ಟ.

‘ಬೇಡ’ ಎಂಬ ಕ್ರಿಯಾರೂಪದ ವಿಶೇಷವೊಂದನ್ನು ಇಲ್ಲಿ ನೆನೆಯಬೇಕು. ‘ಕೋರುತ್ತೇವೆ’ ಎಂಬಲ್ಲಿ ಕೋರುವವರು ಯಾರೆಂಬುದು ಆಖ್ಯಾತಪ್ರತ್ಯಯದಲ್ಲಿಯೇ ಇದೆ. ‘ಬೇಡ’ ಎಂಬುದಕ್ಕೆ ಅಂತಹ ಪ್ರತ್ಯಯವಿಲ್ಲ. ಯಾರಿಗೆ ಬೇಡ ಎಂಬುದನ್ನು ಚತುರ್ಥಿಯಲ್ಲಿ ಹೇಳಬೇಕು: ನಮಗೆ ಬೇಡ, ಊರಿಗೆ ಬೇಡ. ಘೋಷಣೆಯಲ್ಲಿ ಈ ಚತುರ್ಥಿ ಲೋಪವಾಗುತ್ತದೆ. ಲೋಪವಾದದ್ದರಿಂದಲೇ ಅದು ಎಲ್ಲರ ಮಾತಾಗಿ ಕೇಳಿಸುತ್ತದೆ. ಲೋಪವಾದದ್ದರಿಂದಲೇ ಯಾರು ಒಳಗೆ, ಯಾರು ಹೊರಗೆ ಎಂಬ ಪ್ರಶ್ನೆಯೂ ಮರೆಯಾಗುತ್ತದೆ. ದಿನವೂ ಆ ರಸ್ತೆಯಲ್ಲಿ ಬಸ್ಸಿಗೆ ಕಾಯುವವರಿಗೆ, ಬಾಡಿಗೆ ಮನೆಯಲ್ಲಿರುವ, ಸಂಘದ ಸದಸ್ಯತ್ವವಿಲ್ಲದವರಿಗೆ ಬೇಕೋ ಬೇಡವೋ ಎಂಬುದನ್ನು ಘೋಷಣೆ ಹೇಳುವುದಿಲ್ಲ. ಮೇಲ್ಸೇತುವೆಯನ್ನು ಕೈಬಿಟ್ಟದ್ದು ಸರಿಯಾದ ನಿರ್ಧಾರವೆಂದು ಒಪ್ಪಿದರೂ ಈ ಪ್ರಶ್ನೆ ಉಳಿಯುತ್ತದೆ.

ಇದಕ್ಕೆ ಮುಖಾಮುಖಿಯಾಗಿ ಇರಿಸಬೇಕಾದದ್ದು ಮಾವಳ್ಳಿಪುರದ ‘ಬೇಡ’. ಯಲಹಂಕಕ್ಕೆ ಸಮೀಪದ, ಅರ್ಕಾವತಿಯ ಜಲಾನಯನ ಪ್ರದೇಶದಲ್ಲಿರುವ ಈ ಹಳ್ಳಿಯ ಬಳಿ ನಗರದ ಕಸವನ್ನು ವರ್ಷಗಟ್ಟಲೆ ಸುರಿಯಲಾಯಿತು. ಬಾವಿಗಳ ನೀರು ಕೆಟ್ಟಿತೆಂದು, ರೋಗ ಹರಡಿತೆಂದು ಗ್ರಾಮಸ್ಥರು ಪ್ರತಿಭಟಿಸುತ್ತಲೇ ಬಂದರು. 2012ರ ಜುಲೈನಲ್ಲಿ ಅಲ್ಲಿಯ ಕಸದ ನೆಲ ಮುಚ್ಚಿತು. ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿಬಿದ್ದದ್ದು ಆಗ. ಬಡಾವಣೆಗಳಿಗೆ ತಮ್ಮ ಕಸ ಎಲ್ಲಿಗೆ ಹೋಗುತ್ತಿತ್ತೆಂಬುದು ಕಣ್ಣಿಗೆ ಬಿದ್ದದ್ದೂ ಆಗಲೇ ಎನ್ನಬೇಕು. ಗ್ರಾಮಸ್ಥರ ನಿರಾಕರಣೆಯಲ್ಲಿ ಚತುರ್ಥಿಯನ್ನು ಹುಡುಕಬೇಕಾಗಿರಲಿಲ್ಲ. ಯಾರಿಗೆ ಬೇಡವೆಂಬುದು ಅವರ ಬಾವಿಗಳಲ್ಲಿಯೇ ಇತ್ತು. ಆದರೂ ಪತ್ರಿಕೆಗಳಲ್ಲಿ ಒಬ್ಬರು ‘ನಿವಾಸಿ’ಗಳು, ಇನ್ನೊಬ್ಬರು ‘ಗ್ರಾಮಸ್ಥ’ರು. ಎರಡು ಪದಗಳ ಅರ್ಥವೂ ಒಂದೆಡೆ ನೆಲಸಿದವರು ಎಂದೇ. ಆದರೆ ಮೊದಲನೆಯವರದು ನಾಗರಿಕ ಹಕ್ಕಿನ ಮಾತು, ಎರಡನೆಯವರದು ಅಡ್ಡಿಯ ಮಾತು ಎಂಬಂತೆ ಬಳಕೆ ಸಾಗಿತು.

ಉಚ್ಚ ನ್ಯಾಯಾಲಯದ ನಿರ್ದೇಶನಗಳ ಹಿನ್ನೆಲೆಯಲ್ಲಿ ಪಾಲಿಕೆ 2012ರ ಅಕ್ಟೋಬರ್ 1ರಿಂದ ಮನೆಯಲ್ಲಿಯೇ ಕಸ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿತು. ‘ಹಸಿ ಕಸ’, ‘ಒಣ ಕಸ’ ಎಂಬ ಎರಡು ಜೋಡಿಪದಗಳು ಬಡಾವಣೆಯಲ್ಲಿ ಮನೆಮಾತಾದವು. ಸಂಘಗಳ ಸುತ್ತೋಲೆಗಳು ಎರಡು ಭಾಷೆಗಳಲ್ಲಿದ್ದರೂ ಬಾಗಿಲ ಮುಂದೆ ನಡೆಯುವ ಮಾತುಕತೆ ಪೌರಕಾರ್ಮಿಕರೊಡನೆ. ಕನ್ನಡ ಬಾರದ ಮನೆಯವರೂ ಈ ಪದಗಳನ್ನು ಕಲಿತರು. ಭಾಷಾ ಯೋಜನೆಯ ಯಾವ ಸಮಿತಿಯೂ ಸಾಧಿಸದಿದ್ದುದನ್ನು ಗಾಡಿಯ ಹಿಂದೆ ನಡೆಯುವ ಹೆಣ್ಣುಮಗಳು ಸಾಧಿಸಿದಳೆನ್ನಬಹುದು. ಗ್ರಾಮಸ್ಥರ ನಿರಾಕರಣೆ ಇಲ್ಲದೆ ಈ ಪದಗಳು ಹುಟ್ಟುತ್ತಿರಲಿಲ್ಲವೆಂಬುದನ್ನು ಮಾತ್ರ ಸಂಘಗಳ ಕಥನ ಅಷ್ಟಾಗಿ ನೆನೆಯುವುದಿಲ್ಲ.

ಸಂಘಗಳಿಗೆ ಕಾನೂನಿನ ಸ್ಥಾನ ದೊರೆತದ್ದು ವಾರ್ಡ್ ಸಮಿತಿಗಳ ಮೂಲಕ. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಿತಾದರೂ ಬೆಂಗಳೂರಿನಲ್ಲಿ ಈ ಸಮಿತಿಗಳು ಕೆಲಸ ಮಾಡುವಂತಾಗಲು ನ್ಯಾಯಾಲಯ ಮತ್ತೆ ಮತ್ತೆ ಚುಚ್ಚಬೇಕಾಯಿತು. ಪಾಲಿಕೆಗೆ 2010 ಮತ್ತು 2015ರಲ್ಲಿ ಚುನಾವಣೆ ನಡೆದವು. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಬಳಿಕ ಚುನಾಯಿತ ಸದಸ್ಯರಿಲ್ಲದೆಯೇ ಪಾಲಿಕೆಯ ಉಳಿದ ಕಾಲ ಕಳೆಯಿತು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆ ಐದು ನಗರಪಾಲಿಕೆಗಳಾಗಿ ಒಡೆಯಿತು. ಅವುಗಳಲ್ಲಿ ಬೆಂಗಳೂರು ಉತ್ತರ ಒಂದು. ಪ್ರತಿನಿಧಿಯಿಲ್ಲದ ಆ ಐದು ವರ್ಷಗಳಲ್ಲಿ ಮನವಿ ಪತ್ರ ನೇರವಾಗಿ ಅಧಿಕಾರಿಯ ಮೇಜಿಗೆ ಹೋಯಿತು. ಮನವಿ ಬರೆಯಬಲ್ಲವರಿಗೆ ಇದರಿಂದ ಅನುಕೂಲವೇ ಆಗಿರಬಹುದು. ಬರೆಯಲಾರದವರಿಗೆ ವಾರ್ಡಿನ ಸದಸ್ಯನ ಮನೆಯ ಜಗಲಿಯೂ ಇಲ್ಲದಂತಾಯಿತು.

ನಿವಾಸಿ ಮತ್ತು ಗ್ರಾಮಸ್ಥ ಎಂಬ ಭೇದ ಕರಗಿದ ಸಂದರ್ಭವೊಂದನ್ನು ಹೆಬ್ಬಾಳದಲ್ಲಿ ಕಾಣಬಹುದು. 2018ರಲ್ಲಿ ಚರಂಡಿಗಾಗಿ ಅಗೆಯುವಾಗ ಅಲ್ಲಿ ವೀರಗಲ್ಲೊಂದು ದೊರೆಯಿತು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಶಾಸನ ಕಾದಿ ಮಡಿದ ಕಿತ್ತಯ್ಯನೆಂಬುವನದು. ಇದು ಬೆಂಗಳೂರು ಪರಿಸರದಲ್ಲಿ ದೊರೆತ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಹೆಸರಾಗಿದೆ. ಊರಿನ ಹಳೆಯ ಹೆಸರು ಇದರಲ್ಲಿ ‘ಪೆರ್ಬೊಳಲ್’ ಎಂದಿದೆ. ಪಿರಿದಾದ ಪೊಳಲ್, ಅಂದರೆ ದೊಡ್ಡ ಪಟ್ಟಣ. ಹೊರವಲಯವೆಂದು ಎಣಿಸಲಾದ ಊರು ತನ್ನನ್ನು ಪಟ್ಟಣವೆಂದೇ ಕರೆದುಕೊಂಡಿತ್ತು. ಹಳೆಯ ಊರಿನವರು, ಹೊಸದಾಗಿ ಬಂದು ನೆಲಸಿದವರು, ಶಾಸನಾಸಕ್ತರು ಸೇರಿ ಹಣ ಕೂಡಿಸಿ ಕಲ್ಲಿಗೊಂದು ಮಂಟಪ ಕಟ್ಟಿಸಿದರು.