ಕಾರಿಗೆ ಬೇರೆ ಇಂಜಿನ್: ಗಿಟ್ಟುತ್ತದೆಯೇ?

ಕಳಲೆಯ ನಮ್ಮ ಮನೆಯಲ್ಲೊಂದು ಹಳೇ ಪೆಟ್ರೋಲ್ ಅಂಬಾಸಿಡರ್ ಇದೆ. ನಂಜನಗೂಡಿಗೆ ಬಾಳೆಗೊನೆ ಒಯ್ಯಲು, ಮೈಸೂರಿನಿಂದ ಪಂಪಿನ ಸಾಮಾನು ತರಲು ಅದೇ. ಹೋದ ವರ್ಷ ನೀಲಿ ಹೊಗೆ ಉಗುಳಿ, ಆಯಿಲ್ ಕುಡಿಯತೊಡಗಿತು. "ಡೀಸೆಲ್ ಇಂಜಿನ್ ಕೂರ್ಸ್‌ಬುಡಿ ಅಣ್ಣ, ಖರ್ಚು ಅರ್ಧಕ್ಕೆ ಇಳೀತದೆ" ಎಂದ ಮೆಕ್ಯಾನಿಕ್. ಮುಂಗಡ ಕೊಡುವ ಮೊದಲು ಕಾಗದ, ಪೆನ್ನು ಹಿಡಿದು ಕೂತೆ.

ಅವನ ಮಾತು ಒಂದು ಕಾಲಕ್ಕೆ ನಿಜವೇ. ಆಗ ಡೀಸೆಲ್ ಬಲು ಅಗ್ಗ. 2014ರ ಅಕ್ಟೋಬರಿನಲ್ಲಿ ಸರಕಾರ ಡೀಸೆಲ್ ದರದ ಹತೋಟಿ ಕೈಬಿಟ್ಟಿತು. ಈಗ ಅಂತರ ಅಷ್ಟಿಲ್ಲ.

ನಮ್ಮ ಲೆಕ್ಕ

ವರ್ಷಕ್ಕೆ ನಮ್ಮ ಓಡಾಟ 4,000 ಕಿ.ಮೀ. ಪೆಟ್ರೋಲಿಗೆ 100, ಡೀಸೆಲ್ಲಿಗೆ 90 ರೂಪಾಯಿ ಎಂದು ಇಟ್ಟುಕೊಳ್ಳಿ. ಲೀಟರಿಗೆ ಪೆಟ್ರೋಲಿನಲ್ಲಿ 9, ಡೀಸೆಲ್ಲಿನಲ್ಲಿ 12 ಕಿ.ಮೀ. ಬಂದರೆ ಖರ್ಚು ಕ್ರಮವಾಗಿ 44,400 ಮತ್ತು 30,000. ಉಳಿತಾಯ 14,400.

ಸೆಕೆಂಡ್‌ಹ್ಯಾಂಡ್ ಇಂಜಿನ್, ಗೇರ್‌ಬಾಕ್ಸ್, ಮೌಂಟಿಂಗ್, ಕೂಲಿ ಎಲ್ಲ ಸೇರಿ ಗ್ಯಾರೇಜಿನವರ ಅಂದಾಜು 90,000. ಇದ್ದ ಇಂಜಿನನ್ನೇ ಬೋರ್ ಮಾಡಿಸಿ ಪಿಸ್ಟನ್, ರಿಂಗ್ ಹಾಕಿಸಿದರೆ 35,000. ಹೇಗೂ ಒಂದು ರಿಪೇರಿ ಆಗಲೇಬೇಕಲ್ಲ? ಹಾಗಾಗಿ ನೋಡಬೇಕಾದ್ದು ಹೆಚ್ಚುವರಿ 55,000ವನ್ನು. ಅದು ಹುಟ್ಟಲು ಸುಮಾರು ನಾಲ್ಕು ವರ್ಷ ಬೇಕು. ವರ್ಷಕ್ಕೆ 20,000 ಕಿ.ಮೀ. ಓಡಿಸುವವರಿಗೆ ಒಂಬತ್ತು ತಿಂಗಳು ಸಾಕು.

ಕಾಗದದ ಕಟ್ಟು

ಆದರೆ ಅವರಿಗೂ ತೊಡಕಿದೆ. ಆರ್.ಸಿ.ಯಲ್ಲಿ ಇಂಜಿನ್ ನಂಬರು, ಇಂಧನ ಎರಡೂ ಬರೆದಿರುತ್ತವೆ. ತಯಾರಕರು ನಿಗದಿ ಮಾಡಿದ ಈ ವಿವರಗಳು ಬೇರೆಯಾಗುವಂತೆ ಗಾಡಿ ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಪ್ರತಿ ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇದೇ ಸಾಕು. ಆಗ ಹೊಲ ಮಾರಿ ಪರಿಹಾರ ಕಟ್ಟುವ ಪಾಡು ನಮ್ಮದಾದೀತು.

ಅದೇ ಕಂಪೆನಿಯ, ಅದೇ ಮಾದರಿಯ ಇಂಜಿನ್ ಹಾಕಿಸುವುದಿದ್ದರೂ ಮೊದಲೇ ಆರ್.ಟಿ.ಒ. ಒಪ್ಪಿಗೆ ಬೇಕು. ಕೂರಿಸಿದ 14 ದಿನದೊಳಗೆ ತಿಳಿಸಿ, ಹೊಸ ನಂಬರು ಆರ್.ಸಿ.ಯಲ್ಲಿ ಬರೆಸಬೇಕು. ಮಾರಿದವರಿಂದ ಬಿಲ್ಲು ಕೇಳಿ ಪಡೆಯಿರಿ. ಕದ್ದ ಗಾಡಿಯ ಇಂಜಿನ್ ಕೊರಳಿಗೆ ಬಿದ್ದೀತು.

ನಾವು ಬೋರ್ ಮಾಡಿಸಿದೆವು. ಹೊಗೆ ನಿಂತಿದೆ. ಮಿಕ್ಕ ಹಣ ಬಾಳೆತೋಟದ ಡ್ರಿಪ್ಪಿಗೆ ಹೋಯಿತು. ನೀವೂ ಗ್ಯಾರೇಜಿಗೆ ಹೋಗುವ ಮೊದಲು ವರ್ಷಕ್ಕೆಷ್ಟು ಕಿ.ಮೀ. ಓಡಿಸುತ್ತೀರಿ ಎಂದು ಬರೆದಿಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಳಿದರ್ಧ ಆರ್.ಸಿ.ಯಲ್ಲಿದೆ.