ಟೊಮೆಟೊದಿಂದ ಮೆಲ್ಫಿಗೆ: ಹೆಪ್ಪುಗಟ್ಟುವಿಕೆಯ ಒಂದು ಪಾಠ

ತರಗತಿ: 9 ವಿಷಯ: ವಿಜ್ಞಾನ ಘಟಕ: ಜೀವಕೋಶ ಅವಧಿ: 40 ನಿಮಿಷ

ಉದ್ದೇಶ
'ಫ್ರಿಜ್‌ನಲ್ಲಿಟ್ಟರೆ ಏನೂ ಕೆಡುವುದಿಲ್ಲ' ಎಂಬುದು ಮಕ್ಕಳು ಮನೆಯಿಂದಲೇ ತರುವ ಕಲ್ಪನೆ. ಇದರಲ್ಲಿ ಅರ್ಧ ಸತ್ಯವಿದೆ. ಶೈತ್ಯವು ಕೆಡಿಸುವ ಕ್ರಿಯೆಗಳ ವೇಗವನ್ನು ತಗ್ಗಿಸುತ್ತದೆ. ಆದರೆ ಹೆಪ್ಪುಗಟ್ಟುವಿಕೆಯೇ ಜೀವಕೋಶವನ್ನು ಒಡೆಯಲೂಬಹುದು. ಇವೆರಡನ್ನೂ ವಿದ್ಯಾರ್ಥಿಗಳು ಬೇರ್ಪಡಿಸಿ ವಿವರಿಸಬೇಕು.

ಚಟುವಟಿಕೆ
ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಹೊರತೆಗೆದು ಕರಗಿಸಿದ ಟೊಮೆಟೊ ಒಂದು, ತಾಜಾ ಟೊಮೆಟೊ ಒಂದು. ಗುಂಪುಗಳು ಎರಡನ್ನೂ ಮುಟ್ಟಿ, ಹೋಲಿಸಿ ಬರೆಯಲಿ. ಕರಗಿದ ಹಣ್ಣು ಮೆತ್ತಗಾಗಿ ನೀರು ಬಿಡುತ್ತದೆ. ಕಾರಣವನ್ನು ಶಿಕ್ಷಕರೇ ಹೇಳದೆ, "ಈ ನೀರು ಇಷ್ಟು ಹೊತ್ತು ಎಲ್ಲಿತ್ತು?" ಎಂದು ಕೇಳಬೇಕು. 'ಕೋಶದೊಳಗೆ' ಎಂಬ ಉತ್ತರ ಬಂದ ಮೇಲೆಯೇ ಮಂಜುಗಡ್ಡೆಯ ಹರಳುಗಳು ಕೋಶಪೊರೆಯನ್ನು ಹರಿಯುವುದನ್ನು ವಿವರಿಸಬೇಕು.

ವಿಸ್ತರಣೆ
ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳ ರಕ್ತ, ಮೂತ್ರ, ಲಾಲಾರಸಗಳ ಮಾದರಿ ಸಂಗ್ರಹಿಸುತ್ತಾರೆ. ಹೆಚ್ಚಿನ ಪರೀಕ್ಷೆಗಳು ಭೂಮಿಯ ಪ್ರಯೋಗಾಲಯಗಳಲ್ಲೇ ನಡೆಯುವುದರಿಂದ ಮಾದರಿಗಳು ಮರಳುವ ನೌಕೆಗಾಗಿ ಕಾಯಬೇಕು. ಇದಕ್ಕಾಗಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ 'ಮೆಲ್ಫಿ' ಶೈತ್ಯಾಗಾರವನ್ನು ಡಿಸ್ಕವರಿ ನೌಕೆ 2006ರ ಜುಲೈನಲ್ಲಿ ಕೊಂಡೊಯ್ದಿತು. ಥರ್ಮಾಸ್ ಫ್ಲಾಸ್ಕಿನಂತೆ ನಿರ್ವಾತದಿಂದ ಶಾಖ ತಡೆಯುವ ಅದರ ನಾಲ್ಕು ಕೋಠಿಗಳನ್ನು +4, -26, -80 ಡಿಗ್ರಿ ಸೆಲ್ಸಿಯಸ್‌ಗಳಲ್ಲಿ ಪ್ರತ್ಯೇಕವಾಗಿ ಇಡಬಹುದು. ತಣಿಸುವ ಮಾಧ್ಯಮ ನೈಟ್ರೋಜನ್ ಅನಿಲ.

"ಎಲ್ಲವನ್ನೂ -80ರಲ್ಲೇ ಇಟ್ಟರಾಗದೆ?" ಎಂಬ ಪ್ರಶ್ನೆಯೇ ಪಾಠದ ತಿರುಳು. ಟೊಮೆಟೊ ಉತ್ತರ ಕೊಟ್ಟಾಗಿದೆ. ಹಾಗೆಯೇ ಹೆಪ್ಪುಗಟ್ಟಿಸಿದರೆ ರಕ್ತದ ಕೆಂಪು ಕಣಗಳು ಒಡೆದು, ಒಳಗಿನ ವಸ್ತು ದ್ರವದಲ್ಲಿ ಬೆರೆತು ಫಲಿತಾಂಶವನ್ನೇ ಕೆಡಿಸುತ್ತದೆ. ಆದ್ದರಿಂದ ರಕ್ತದ ನಳಿಕೆಗಳನ್ನು ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಕಣಗಳನ್ನು ದ್ರವದಿಂದ ಬೇರ್ಪಡಿಸಿ, ಆಮೇಲೆ ಹೆಪ್ಪುಗಟ್ಟಿಸುತ್ತಾರೆ. ಯಾನದ 60ನೇ ದಿನದ ರಕ್ತ ಮತ್ತೊಮ್ಮೆ ಸಿಗುವುದಿಲ್ಲ. ನಡುವೆ ಒಮ್ಮೆ ಕರಗಿದರೂ ಆ ದಿನದ ದೇಹಸ್ಥಿತಿಯ ಸಾಕ್ಷ್ಯ ಕೆಟ್ಟಂತೆಯೇ.

ಮೌಲ್ಯಮಾಪನ
1. ಕರಗಿದ ಟೊಮೆಟೊ ಮತ್ತೆ ಗಟ್ಟಿಯಾಗದು, ಏಕೆ?
2. ಡಿಪಿಟಿ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿಡುತ್ತಾರೆ, ಹೆಪ್ಪುಗಟ್ಟಲು ಬಿಡುವುದಿಲ್ಲ. 'ಹೆಚ್ಚು ತಣ್ಣಗಾದಷ್ಟೂ ಒಳ್ಳೆಯದು' ಎನ್ನುವವರಿಗೆ ಏನು ಹೇಳುವಿರಿ?

ವೀಕ್ಷಕರ ಗಮನಕ್ಕೆ
ಪ್ರಶಿಕ್ಷಣಾರ್ಥಿಯು ಬಾಹ್ಯಾಕಾಶದ ಬೆರಗಿನಲ್ಲೇ ಅವಧಿ ಕಳೆಯದೆ ಮಕ್ಕಳನ್ನು ಜೀವಕೋಶಕ್ಕೆ ಮರಳಿ ತಂದರೇ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಎರಡನೆಯ ಪ್ರಶ್ನೆಗೆ ಮಕ್ಕಳು ಕಾರಣ ಸಹಿತ ಉತ್ತರಿಸಿದರೆ ಪಾಠ ಗುರಿ ಮುಟ್ಟಿದಂತೆ.