ಚಳಿಯ ಚಾರಣಕ್ಕೆ ಎಂಥ ಫ್ಲೀಸ್?

ಕುವೈತ್ ಅಂದ ಕೂಡಲೇ ನೆನಪಾಗೋದು ಉರಿಬಿಸಿಲು. ಆದರೆ ಅಲ್ಲಿ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮರುಭೂಮಿಯಲ್ಲಿ ಡೇರೆ ಹಾಕುವ ಕಾಲ. ಕಡಲಿಗೆ ಹತ್ತಿರವಿರುವ ರುಮೈಥಿಯಾದಲ್ಲಿ ಸಾಧಾರಣ ಚಳಿ ಇದ್ದ ರಾತ್ರಿಯೂ ಒಳನಾಡಿನ ಮರಳಿನಲ್ಲಿ ನಡುಕ ಹುಟ್ಟುತ್ತೆ. ಗಾಳಿ ಒಣ, ಆಕಾಶದಲ್ಲಿ ಮೋಡವಿಲ್ಲ. ಹಗಲು ಕಾದ ನೆಲ ತನ್ನ ಶಾಖವನ್ನು ಬೇಗ ಆಕಾಶಕ್ಕೆ ಬಿಟ್ಟುಕೊಡುತ್ತೆ.

ಬೆನ್ನಿಗೆ ಚೀಲ ಏರಿಸಿ ಮುತ್ಲಾ ದಿಣ್ಣೆಯ ಕಡೆ ನಡೆಯುವವರಿಗೂ, ರಜೆಯಲ್ಲಿ ಸುಮಾರು 3,800 ಮೀಟರ್ ಎತ್ತರದ ಕೇದಾರಕಂಠ ಹತ್ತುವವರಿಗೂ ಪ್ರಶ್ನೆ ಒಂದೇ: ಹಗುರವಾಗಿದ್ದೂ ಬೆಚ್ಚಗಿಡುವ ಫ್ಲೀಸ್ ಯಾವುದು?

ಮೊದಲು ಒಂದು ಮಾತು. ಯಾವ ಬಟ್ಟೆಯೂ ಶಾಖ ಹುಟ್ಟಿಸೋದಿಲ್ಲ. ಶಾಖ ನಮ್ಮ ಮೈಯದು. ಫ್ಲೀಸ್ ಅಂದರೆ ಪಾಲಿಯೆಸ್ಟರ್ ಎಳೆಗಳನ್ನು ಹೆಣೆದು, ಉಜ್ಜಿ, ತುಪ್ಪಳದ ಹಾಗೆ ಎಬ್ಬಿಸಿದ ಬಟ್ಟೆ. ಆ ಎಳೆಗಳ ನಡುವೆ ಗಾಳಿ ಅಲುಗಾಡದೆ ಕೂರುತ್ತೆ. ಬೆಚ್ಚಗಿಡೋದು ಈ ಗಾಳಿಯೇ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತೆ. ಹಾಗಾಗಿ ಆ ಜಾಗಕ್ಕೆ ಬೆವರು ಬಂದು ಕೂತರೆ ಕಥೆ ಮುಗಿಯಿತು.

ಅಂದರೆ ಚಾರಣದಲ್ಲಿ ಚಳಿಯಷ್ಟೇ ದೊಡ್ಡ ಶತ್ರು ಬೆವರು. ದಪ್ಪ ಫ್ಲೀಸ್ ಹಾಕಿಕೊಂಡು ಏರು ಹತ್ತಿದರೆ ಮೈ ತೊಯ್ಯುತ್ತೆ. ಮೇಲೆ ಹೋಗಿ ನಿಂತಾಗ ಆ ಬೆವರು ಆವಿಯಾಗುತ್ತೆ, ಪ್ರತಿ ಗ್ರಾಂಗೆ ಸುಮಾರು 2,400 ಜೂಲ್ ಶಾಖವನ್ನು ಎಳೆದುಕೊಳ್ಳುತ್ತೆ. ಹತ್ತಿಯ ಬನಿಯನ್ ಈ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತೆ. ಪಾಲಿಯೆಸ್ಟರ್ ಎಳೆ ತನ್ನ ತೂಕದ ಶೇಕಡಾ 1ರಷ್ಟು ತೇವವನ್ನೂ ಹೀರೋದಿಲ್ಲ. ಅದಕ್ಕೇ ಫ್ಲೀಸ್ ಬೇಗ ಒಣಗುತ್ತೆ.

ಈಗ ಆಯ್ಕೆಗೆ ಬರೋಣ. ಫ್ಲೀಸ್‌ಗೆ 100, 200, 300 ಅಂತ ಹೇಳೋದನ್ನು ಕೇಳಿರುತ್ತೀರಿ. ಒಂದು ಚದರ ಮೀಟರ್ ಬಟ್ಟೆ ಹೆಚ್ಚುಕಡಿಮೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ ಅದು. ನಡೆಯುವಾಗ ಹಾಕಿಕೊಳ್ಳೋಕೆ 100ರ ಆಸುಪಾಸಿನದೇ ಸಾಕು. ಒಳಮೈಯಲ್ಲಿ ಚೌಕುಳಿ ಚೌಕುಳಿಯಾಗಿ ಉಬ್ಬುತಗ್ಗು ಇರುವ ಗ್ರಿಡ್ ಫ್ಲೀಸ್ ಇನ್ನೂ ಒಳ್ಳೆಯದು: ಉಬ್ಬಿದ ಕಡೆ ಗಾಳಿ ನಿಲ್ಲುತ್ತೆ, ತಗ್ಗಿನಿಂದ ಬೆವರಿನ ಆವಿ ಹೊರಗೆ ಹೋಗುತ್ತೆ. ತೂಕವೂ ಕಡಿಮೆ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಉಸಿರು ಸಲೀಸಾಗಿ ದಾಟಿದರೆ ನಡೆಯುವಾಗ ಸುಖ, ಆದರೆ ನಿಂತಾಗ ಗಾಳಿ ಒಳಗೆ ನುಗ್ಗುತ್ತೆ. ಹಾಗಂತ ದಪ್ಪದ್ದು ಕೊಳ್ಳಬೇಡಿ. ಮೇಲೆ ತೆಳುವಾದ ವಿಂಡ್‌ಚೀಟರ್ ಹಾಕಿ. ಕುವೈತಿನ ವಾಯವ್ಯ ಗಾಳಿಗೂ, ಹಿಮಾಲಯದ ಶಿಖರದ ಗಾಳಿಗೂ ಇದೇ ಮದ್ದು. ಹಿಮದ ರಾತ್ರಿ ಸುಮ್ಮನೆ ಕೂರುವಾಗ ಮಾತ್ರ ಫ್ಲೀಸ್ ಒಂದೇ ಸಾಲದು, ಗರಿ ತುಂಬಿದ ಡೌನ್ ಜಾಕೆಟ್ ಚೀಲದಲ್ಲಿರಲಿ. ಅದನ್ನು ಮಾತ್ರ ನೆನೆಯಲು ಬಿಡಬೇಡಿ.

ಕೊನೆಗೆ ಒಂದು ಎಚ್ಚರಿಕೆ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತೆ. ಕರಗಿದ್ದು ಚರ್ಮಕ್ಕೆ ಅಂಟಿ ಸುಡುತ್ತೆ. ಒಂದು ಕಿಡಿ ಹಾರಿದರೆ ತೂತು ಬೀಳೋದು ಖಂಡಿತ. ಬೆಂಕಿಯ ಸುತ್ತ ಕೂರುವಾಗ ಫ್ಲೀಸ್ ಹಾಕಿದ ಮಕ್ಕಳನ್ನು ದೂರ ಕೂರಿಸಿ. ಇನ್ನು ಚಳಿ ತಡೆಯಲಾಗದೆ ಇದ್ದಿಲ ಒಲೆಯನ್ನು ಡೇರೆಯೊಳಗೆ ಒಯ್ಯಲೇಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ಇನ್ನೊಂದು ಪದರ ಬಟ್ಟೆ, ಒಣಗಿದ ಕಾಲುಚೀಲ, ತಲೆಗೊಂದು ಟೋಪಿ, ಇವುಗಳಿಂದಲೇ ರಾತ್ರಿ ಕಳೆಯೋ ಹಾಗೆ ಸಿದ್ಧರಾಗಿ ಹೊರಡಿ.